ಬೇರಿಗೆ ಕಾಯಿ

ಮರಗಳಿಲ್ಲದ ದ್ವೀಪ ಇದು, ಫೆರೋ.
ಗೋಡೆಯ ಮರೆಯಲ್ಲಿ ಬದುಕಿದ ನಾಲ್ಕಾರು ಬಿಟ್ಟರೆ
ನೆಟ್ಟದ್ದನ್ನೆಲ್ಲ ಗಾಳಿ ಕಿತ್ತು ಕಡಲಿಗೆ ಕೊಟ್ಟಿದೆ.
ಉಳಿದದ್ದು ಹುಲ್ಲು, ಕುರಿ, ಕರಿಬಂಡೆ.
ಇಂಥಲ್ಲಿ, ಬಂದರು ಕಚೇರಿಯ ಮೇಜಿನ ಮೇಲೆ
ಸುನ್ವಾ ಒಂದು ಮರ ಕಟ್ಟುತ್ತಿದ್ದಾಳೆ,
ಅಕ್ಷರದ ಮರ.
ಯಾವ ಕೊಂಬೆಗೆ ಯಾವ ಚಿಪ್, ಯಾವ ಕಾಲಿಗೆ ಯಾವ ತಂತಿ
ಎಂದು ಬೋರ್ಡಿಗೆ ಅದರ ಮೈಯನ್ನೇ ಪರಿಚಯಿಸುವ
ಡಿವೈಸ್ ಟ್ರೀ.

ಬೋರ್ಡು ಇಸ್ಪೀಟಿನ ಎಲೆಯಷ್ಟಗಲ.
ಉಬ್ಬರವಿಳಿತ ಅಳೆದು
ಹತ್ತು ನಿಮಿಷಕ್ಕೊಮ್ಮೆ ಊರಿಗೆ ಹೇಳಬೇಕು.
ಇಲ್ಲಿಯವರೆಗೆ ಆ ಕೆಲಸ ಹಾನುಸ್‌ನದು:
ದಿನಕ್ಕೆ ನಾಲ್ಕು ಸಲ ಕಟ್ಟೆಯ ಅಳತೆಪಟ್ಟಿ ನೋಡಿ
ಪೆನ್ಸಿಲಿನಲ್ಲಿ ಬರೆದಿಡುವುದು.
ತನ್ನ ಜಾಗಕ್ಕೆ ಬರುವವನನ್ನು ನೋಡಲು
ಥರ್ಮಾಸ್ ಹಿಡಿದು ಬಂದು ಕೂತಿದ್ದಾನೆ.
ಹಗೆಯೇನಿಲ್ಲ. ಕುತೂಹಲವೂ ಅಷ್ಟಕ್ಕಷ್ಟೆ.

ಮೂರು ತಂತಿ.
ಇವಳ ಬಾಯಿ ಅದರ ಕಿವಿಗೆ, ಅದರ ಬಾಯಿ ಇವಳ ಕಿವಿಗೆ,
ಮೂರನೆಯದು ಇಬ್ಬರಿಗೂ ಒಂದೇ ನೆಲ.
ಮೊದಲು ಬಾಯಿಗೆ ಬಾಯಿ ಕೊಟ್ಟಿದ್ದಳು: ಮೌನ.
ಅದಲುಬದಲು ಮಾಡಿದರೆ
ತೆರೆಯ ತುಂಬ ಕೊಂಬು, ಚುಕ್ಕಿ, ತಲೆಕೆಳಗಾದ ಪ್ರಶ್ನೆಗಳು.
“ಚಂಡಮಾರುತದಲ್ಲಿ ರೇಡಿಯೊ ಹೀಗೇ ಮಾತಾಡ್ತಿತ್ತು”
ಎಂದ ಹಾನುಸ್.
ವೇಗ ತಪ್ಪಿತ್ತು.
ಸೆಕೆಂಡಿಗೆ ಒಂದು ಲಕ್ಷದ ಹದಿನೈದು ಸಾವಿರದ ಇನ್ನೂರು ಮಿಡಿತಕ್ಕೆ
ಹೊಂದಿಸಿದಳು, ಗೊಗ್ಗರು ಕರಗಿ ಮಾತಾಯಿತು.

ಮೂರು, ಎರಡು, ಒಂದು. ಯಾರೂ ತಡೆಯಲಿಲ್ಲ.
ಮಂಜಿನಿಂದ ಇಳಿವ ಕುರಿಗಳಂತೆ
ಸಾಲಿನ ಹಿಂದೆ ಸಾಲು.
ಇಸವಿ ೧೯೭೦, ಜನವರಿ ಒಂದು.
ಬ್ಯಾಟರಿಯಿಲ್ಲದ ಗಡಿಯಾರಕ್ಕೆ ಎಲ್ಲ ಹುಟ್ಟೂ ಅದೇ ದಿನ.
“ಆಗ ನನಗೆ ಒಂಬತ್ತು” ಎಂದ ಹಾನುಸ್,
“ಅವತ್ತು ಹಲ್ಲುನೋವು.”

ಬೇರು ಸಿಗಲಿಲ್ಲ, ಎಂದಿತು ಕರ್ನೆಲ್.
ದಿಗಿಲುಬಿದ್ದು ಸತ್ತಿತು.
ದಿಗಿಲು ಅದರದೇ ಮಾತು, ನನ್ನದಲ್ಲ.

ಕಾರ್ಡು ಬದಲಿಸಿದಳು. ಕೇಬಲ್ ಬದಲಿಸಿದಳು,
ಬಡಕಲು ಕೇಬಲ್ಲು ಕರೆಂಟನ್ನು ದಾರಿಯಲ್ಲೇ ಕುಡಿಯುತ್ತದೆ.
ಕೊಂಬೆ ಕೊಂಬೆ ಬಿಚ್ಚಿ ಮರ ಮತ್ತೆ ಕಟ್ಟಿದಳು.
ಹದಿನೇಳು ಸಲ ಹುಟ್ಟಿತು, ಹದಿನೇಳು ಸಲ ಸತ್ತಿತು,
ಪ್ರತಿ ಸಲವೂ ಜನವರಿ ಒಂದಕ್ಕೆ,
ಮೂರು ಸೆಕೆಂಡೂ ತುಂಬದ ಪ್ರಾಯದಲ್ಲಿ.
ಥರ್ಮಾಸಿನ ಕಾಫಿ ಮುಗಿಯಿತು.
ಹೊರಗೆ ಹಡಗೊಂದು ಕೂಗಿ ಸುಮ್ಮನಾಯಿತು.

ಹಾನುಸ್ ಓದುತ್ತಿದ್ದದ್ದು ಮಾತನ್ನಲ್ಲ,
ಎಡಗಡೆಯ ಅಂಕಿಗಳನ್ನು.
ನಲವತ್ತು ವರ್ಷ ಹೊತ್ತು ಬರೆದ ಕಣ್ಣು.
ತೆರೆಯ ಮೇಲೆ ಬೆರಳಿಟ್ಟ:
“ಇವನು ಸತ್ತದ್ದು ಎರಡು ಪಾಯಿಂಟ್ ನಾಲ್ಕಕ್ಕೆ.
ಕಾರ್ಡು ಬಂತು ಅಂತ ಬರೆದದ್ದು ಅದರ ಕೆಳಗೆ,
ಎರಡು ಪಾಯಿಂಟ್ ಐದಕ್ಕೆ.
ದೋಣಿ ಬರೋ ಮೊದಲೇ ಹಗ್ಗ ಎಸೆದರೆ
ಹಗ್ಗ ನೀರಿಗೆ.”

ಸುನ್ವಾ ಕಿಟಕಿಯವರೆಗೆ ಹೋದಳು. ವಾಪಸು ಬಂದಳು.
ಆಜ್ಞೆಯ ಸಾಲಿನ ಕೊನೆಗೆ ಒಂದೇ ಪದ ಸೇರಿಸಿದಳು:
ಬೇರಿಗೆ ಕಾಯಿ.

ಅವರಿಗದು ಬರಿಯ ಅಪ್ಪಣೆ, ತಡೆದಿರು ಎಂದು.
ನನ್ನ ಕನ್ನಡದಲ್ಲಿ ಮಾತ್ರ ಅದು ಹಲಸು,
ಬುಡದಲ್ಲೇ, ಮಣ್ಣಿಗೆ ತಾಗಿ ಬಿಟ್ಟ
ಮುಳ್ಳುಮುಳ್ಳಿನ ಕಾಯಿ.
ಈ ಮರವಿಲ್ಲದ ಊರಿನಲ್ಲಿ
ಯಾರಿಗೆಂದು ಬಿಡಿಸಿ ಹೇಳಲಿ.

ಹದಿನೆಂಟನೆಯ ಸಲ.
ಎರಡು ಪಾಯಿಂಟ್ ನಾಲ್ಕು. ಅಲ್ಲೇ ನಿಂತಿತು,
ಸಾಯಲಿಲ್ಲ, ನಿಂತಿತು.
ಐದು. ಕಾರ್ಡು ಬಂತು.
ಬೇರು ಹಿಡಿಯಿತು.
ಕೊನೆಗೆ ಲಾಗಿನ್, ಅಂದರೆ ಯಾರು ನೀನು ಎಂದು ಕೇಳಿ
ಮಿಣುಕುತ್ತ ಕೂತ ಒಂದು ಪುಟ್ಟ ಚೌಕ.
ಅವಳು ಹೆಸರು ಹೇಳಿದಳು.

ಮೊದಲ ಅಳತೆ: ಎಂಬತ್ತೇಳು ಸೆಂಟಿಮೀಟರು.
ಹಾನುಸ್ ತನ್ನ ಪುಸ್ತಕ ತಿರುವಿದ.
“ಈ ಹೊತ್ತಿಗೆ ತೊಂಬತ್ತು ಇರಬೇಕು.”
“ಸೆನ್ಸರ್ ಸುಳ್ಳು ಹೇಳಲ್ಲ.”
“ನೀರೂ ಹೇಳಲ್ಲ.”
ಅವಳು ಸೆನ್ಸರಿನ ಕೈಪಿಡಿ ಬಿಚ್ಚಿದಳು,
ಅವನು ಟಾರ್ಚು ತೆಗೆದುಕೊಂಡ.

ಕಟ್ಟೆಯ ಮೇಲೆ ಬೆಳಕಿನ ಚುಕ್ಕಿ
ಗಾಳಿಗೆ ಬಾಗುತ್ತ ಇಳಿಯುತ್ತಿರುವಾಗ
ಬೋರ್ಡು ಇನ್ನೊಂದು ಸಾಲು ಬರೆಯಿತು:
ಎಂಬತ್ತೆಂಟು.
ಜನವರಿ ಒಂದು, ೧೯೭೦.