ಎರಡು ಲೀಟರ್ ಹೊಳೆ

ಹಗಲಲ್ಲಿ ಹೋದರೆ ಹೊಳೆ ಒಳ್ಳೆಯದಾಗಿಯೇ ಇರುತ್ತದೆ.
ನಮ್ಮ ಜೀಪು ಕೂಳೂರು ಸೇತುವೆ ದಾಟುವ ಮೊದಲೇ
ಅದರ ಸುದ್ದಿ ದಾಟಿರುತ್ತದೆ;
ಗೇಟಿನಲ್ಲಿ ಎಳನೀರು, ಕಚೇರಿಯಲ್ಲಿ ಕಡತ,
ಕೊಳವೆಯ ಬಾಯಲ್ಲಿ
ಮಿಂದು ಬಂದ ಮದುಮಗನಂಥ ನೀರು.

ಆದ್ದರಿಂದ ರಾತ್ರಿ ಎರಡೂಕಾಲಿಗೆ
ಕಿಟ್ಟ ಕರ್ಕೇರರ ಮಿಸ್ಡ್ ಕಾಲ್ ಬಂದಾಗ
ಜೀಪಿಗೆ ಹೇಳದೆ, ಸ್ಕೂಟರಿನ ಕಾಲಿಡುವ ಜಾಗದಲ್ಲಿ
ಥರ್ಮಾಕೋಲ್ ಪೆಟ್ಟಿಗೆ ಇಟ್ಟು ಹೊರಟೆ.
ಮೀನು ಮಾರುವವರಿಂದ ತಂದ ಮಂಜುಗಡ್ಡೆ,
ವಾಸನೆ ಇನ್ನೂ ಬಂಗುಡೆಯದೇ.
ನನ್ನ ಹುದ್ದೆಯ ಹೆಸರು ಉದ್ದ. ಕೆಲಸ ಗಿಡ್ಡ:
ಸರಿಯಾದ ಹೊತ್ತಿಗೆ ಸರಿಯಾದ ನೀರಿನಲ್ಲಿ
ಮೊಣಕಾಲವರೆಗೆ ನಿಲ್ಲುವುದು.

ಇಳಿತದ ಹೊತ್ತು. ಕುದ್ರುವಿನ ಈ ಬದಿ
ಹೊಳೆ ಹೊಟ್ಟೆ ತೋರಿಸಿ ಮಲಗಿತ್ತು.
ಕೊಳವೆ ಮಾತ್ರ ಎಚ್ಚರ.
ಗಳಗಳ ಎಂದು, ತಡೆದು, ಮತ್ತೆ,
ಕದ್ದು ಕುಡಿದವನ ವಾಂತಿಯ ಹಾಗೆ.
ಹರಿವಿಗೆ ಬಾಯಿ ಮಾಡಿ ಬಾಟಲಿ ಮುಳುಗಿಸಬೇಕು,
ಗುಳ್ಳೆ ಉಳಿಯಬಾರದು, ಒಂದೂ.
ಗುಳ್ಳೆಯೊಳಗಿನ ಗಾಳಿ ಸುಳ್ಳುಸಾಕ್ಷಿ.

ಆಮೇಲೆ ಎರಡು ಮದ್ದು, ಒಂದರ ಹಿಂದೆ ಒಂದು,
ಮುಚ್ಚಳ ಹಾಕಿ ಕುಲುಕಿ ಟಾರ್ಚಿಗೆ ಹಿಡಿಯುವುದು:
ನೀರಿನಲ್ಲಿ ಉಸಿರಿದ್ದರೆ ಕಂದು ಗಸಿ ಇಳಿಯುತ್ತದೆ,
ಇಲ್ಲದಿದ್ದರೆ ಬಿಳಿ.

ಬಿಳಿ ಇಳಿಯಿತು.
ಅಕ್ಕಿ ತೊಳೆದ ನೀರಿನಷ್ಟು ಬಿಳಿ, ನಿಧಾನ,
ಗಡಿಬಿಡಿಯಿಲ್ಲದೆ.

ಫಾರಮ್ಮಿನಲ್ಲಿ ಒಂದು ಗೆರೆ ಇದೆ: ಸಾಕ್ಷಿಯ ಸಹಿ.
ಕಾವಲುಗಾರ ಬೀಡಿ ಆರಿಸಿ ಒಳಗೆ ಹೋದ.
ಕರ್ಕೇರರ ಅಳಿಯನಿಗೆ ಆ ಗೇಟಿನೊಳಗೇ ಕೆಲಸ;
ಅವರು ದೋಣಿಯ ಹಗ್ಗದ ಗಂಟು ಬಿಚ್ಚಿ
ಮತ್ತೆ ಅದೇ ಗಂಟು ಹಾಕುತ್ತ ಕುಳಿತರು.

ನಾಲ್ಕು ಗಂಟೆಗೆ ಬಂದವಳು ಸೆವ್ರಿನ್‌ಬಾಯಿ,
ಮರುವಾಯಿ ಹೆಕ್ಕುವವಳು.
ಸೊಂಟದಲ್ಲಿ ಬುಟ್ಟಿ, ಬುಟ್ಟಿಯಲ್ಲಿ ಫ್ಲಾಸ್ಕು.
"ಎಂತ ಮೇಡಂ, ಬಾಟ್ಲಿ ತುಂಬಿಸಿದ್ರೆ ಹೊಳೆ ಸರಿ ಆಗ್ತದಾ?"
ಕಾನೂನಿನ ಕಲಮು ಹೇಳಬಹುದಿತ್ತು.
ಗೊತ್ತಿಲ್ಲ ಅಂದೆ.
ಅವಳು ಪೆನ್ನು ತೆಗೆದುಕೊಂಡಳು, ಎಡಗೈಯಲ್ಲಿ.
ಬಲಗೈ ಬೆರಳುಗಳ ಚರ್ಮ ಕಳೆದ ತಿಂಗಳೇ ಸುಲಿದಿತ್ತು,
ಬೇಯಿಸಿದ ಸಿಗಡಿಯ ಹಾಗೆ ಕೆಂಪು.
ಏಳನೇ ಕ್ಲಾಸಿನ ಕನ್ನಡ ಅಕ್ಷರ, ಸೊಟ್ಟ,
ಗೆರೆ ಮೀರಿ, ಮೊಹರಿನ ಜಾಗಕ್ಕೂ ನುಗ್ಗಿ ನಿಂತಿತು.
ಅರಗು ಕರಗಿಸಿ ಮುದ್ರೆ ಒತ್ತಿದೆ.
ಒಂದು ನಮಗೆ, ಒಂದು ಅವರಿಗೆ.
ಎರಡು ಲೀಟರ್ ಹೊಳೆ.

ಆಮೇಲಿನದು ಕಾಗದದ ಕಾಲ.
ಮೂರು ದಿನ ಇಪ್ಪತ್ತೇಳು ಡಿಗ್ರಿಯ ಕತ್ತಲೆಯಲ್ಲಿ
ನೀರನ್ನು ಮಲಗಿಸಿ, ಎಬ್ಬಿಸಿ,
ಎಷ್ಟು ಉಸಿರು ತಿಂದಿತೆಂದು ಎಣಿಸಿದೆವು.
ನೋಟಿಸು. ಉತ್ತರ. ಉತ್ತರಕ್ಕೆ ನೋಟಿಸು.
ವಕೀಲರು ಕೇಳಿದರು: ರಾತ್ರಿ ಹೋದದ್ದು ಯಾರ ಆದೇಶದ ಮೇಲೆ?
ಇಳಿತದ ಆದೇಶದ ಮೇಲೆ ಎನ್ನಬೇಕೆನಿಸಿತು;
ದಾಖಲೆಯಲ್ಲಿ "ಕರ್ತವ್ಯದ ನಿಮಿತ್ತ" ಎಂದಿದೆ.
ಮೇಲಿನವರು ಒಮ್ಮೆ ಬೀದರಿಗೆ ಕಳಿಸುವ ಮಾತಾಡಿದರು,
ಒಮ್ಮೆ ಗೋಡಂಬಿ ಕೊಟ್ಟರು.
ಕೊನೆಗೆ ಕರೆಂಟು ತೆಗೆದರು. ಕೊಳವೆಗೆ ಕಾಂಕ್ರೀಟು.
ಇಷ್ಟಕ್ಕೆ ಹದಿನಾಲ್ಕು ತಿಂಗಳು.
ಕರ್ಕೇರರ ಅಳಿಯ ಈಗ ಬಾಡಿಗೆ ರಿಕ್ಷಾ ಓಡಿಸುತ್ತಾನೆ;
ಅವರ ಮಿಸ್ಡ್ ಕಾಲ್ ಬರುವುದಿಲ್ಲ.

ನಿನ್ನೆ ಹೋಗಿದ್ದೆ, ಹಗಲಲ್ಲೇ.
ಕಾಂಕ್ರೀಟಿನ ಮೇಲೆ ನೀರುನಾಯಿಯ ಹಿಕ್ಕೆ:
ಮೀನಿನ ಹುರುಪೆ, ಏಡಿಚಿಪ್ಪಿನ ಚೂರು, ಬಿಸಿಲಿಗೆ ಮಿನುಗುತ್ತ.
ಫಾರಮ್ಮಿನಲ್ಲಿ ಇದಕ್ಕೆ ಕಾಲಮ್ಮಿಲ್ಲ.
'ಇತರೆ' ಎಂಬಲ್ಲಿ ಬರೆದೆ.
ಸೆವ್ರಿನ್‌ಬಾಯಿಯ ಬುಟ್ಟಿಯಲ್ಲಿ ಮರುವಾಯಿ ಹನ್ನೊಂದು,
ಸುಕ್ಕಕ್ಕೆ ಸಾಲದು;
ಮರಿ ಎಂದು ಏಳನ್ನು ವಾಪಸು ಹಾಕಿದಳು.
ಮದ್ದು ಹಾಕಿ, ಕುಲುಕಿ, ಸೂರ್ಯನಿಗೆ ಹಿಡಿದೆ ಬಾಟಲಿ.
ಇಬ್ಬರೂ ಮಾತಿಲ್ಲದೆ ನೋಡಿದೆವು.
"ಹಾಲು ಜಾಸ್ತಿ ಆಯ್ತು," ಎಂದಳು,
ಫ್ಲಾಸ್ಕಿನ ಮುಚ್ಚಳಕ್ಕೆ ಚಹಾ ಬಗ್ಗಿಸಿ
ಪಕ್ಕದಲ್ಲಿ ಹಿಡಿದು
ಬಣ್ಣ ತಾಳೆ ನೋಡುತ್ತ.