ಮೊದಲ ಎರಡು ಮೈಲಿ

ಮೈನಸ್ ಇಪ್ಪತ್ತಾರು. ಡುಲೂತ್ ಊರಿನ ಗುಡ್ಡದ ಮೇಲೆ
ನಸುಕಿನ ನಾಲ್ಕೂಕಾಲು.
ಕಾರಿನ ಬಾಗಿಲು ಮೊದಲು ಬೈಯುತ್ತದೆ, ಆಮೇಲೆ ತೆರೆಯುತ್ತದೆ.
ಕೂತರೆ ಸೀಟು ಸೀಟಲ್ಲ, ಕಡಪಾ ಕಲ್ಲು.

ಚಕ್ರಗಳು ರಾತ್ರಿಯಿಡೀ ಒಂದೇ ಮಗ್ಗುಲಲ್ಲಿ ಮಲಗಿ
ನೆಲ ತಾಗಿದ ಕಡೆ ಚಪ್ಪಟೆಯಾಗಿವೆ.
ಹೊರಟರೆ ದಡ್, ದಡ್, ದಡ್,
ದುಂಡಗಿರುವುದನ್ನೇ ಮರೆತ ಚಕ್ರಗಳ ಮೇಲೆ
ಎತ್ತಿನ ಗಾಡಿಯ ಸವಾರಿ.
ಹತ್ತು ಡಿಗ್ರಿ ಇಳಿದರೆ ಒಂದು ಪೌಂಡ್ ಗಾಳಿ ಇಳಿಯುತ್ತದಂತೆ.
ಯಾರೂ ಕದ್ದಿಲ್ಲ, ಎಲ್ಲೂ ತೂತಿಲ್ಲ,
ಒಳಗಿದ್ದದ್ದೇ ಮುದುಡಿ ಕೂತಿದೆ.

ಶಾಕ್ ಅಬ್ಸಾರ್ಬರಿನೊಳಗೆ ಎಣ್ಣೆ
ಹೆರೆಗಟ್ಟಿದ ತುಪ್ಪ;
ಸಣ್ಣ ಕಂಡಿಯಲ್ಲಿ ಹಾಯಲಾರದೆ ತಡೆದು ನಿಂತಿದೆ.
ರಬ್ಬರು ಬುಷ್‌ಗಳು ಹಳೆಯ ಮಂಚದ ಹಾಗೆ ಕಿರುಗುಟ್ಟುತ್ತ
ಪ್ರತಿ ಗುಂಡಿಯ ಸುದ್ದಿಯನ್ನೂ
ಏನೂ ಮುಚ್ಚಿಡದೆ ನನ್ನ ಬೆನ್ನೆಲುಬಿಗೆ ಹೇಳುತ್ತವೆ.

ಸ್ಟಿಯರಿಂಗ್ ತಿರುಗಿಸಿದರೆ
ಕಾರು ಒಂದು ಕ್ಷಣ ಯೋಚಿಸುತ್ತದೆ.
ಆ ಒಂದು ಕ್ಷಣದಲ್ಲಿ ಲೇಕ್ ಅವೆನ್ಯೂ ಇಳಿಜಾರು,
ಕೆಂಪು ದೀಪ, ಕೆಳಗೆ
ಆವಿಯುಗುಳುವ, ಕೆರೆಯೆಂದು ಹೆಸರಿಟ್ಟುಕೊಂಡ ಕಡಲು.

"ಮೊದಲ ಎರಡು ಮೈಲಿ ಅದನ್ನು ನಂಬಬೇಡ," ಎಂದಿದ್ದ
ಮೇಲಿನ ಬೀದಿಯ ಗ್ಯಾರೇಜಿನ ಟೋಯ್ವೊ ರಂತಾಲಾ.
"ಬೈಯಲೂಬೇಡ. ನನ್ನ ಮೊಣಕಾಲೂ ಹಾಗೇ,
ಕಾಫಿ ಆಗುವತನಕ ಮೆಟ್ಟಿಲೆಂದರೆ ಮಾತೇ ಕೇಳುವುದಿಲ್ಲ.
ನಿಂತಲ್ಲೇ ಓಡಿಸಿದರೆ ಎಂಜಿನ್ ಮಾತ್ರ ಬೆಚ್ಚಗಾಗುತ್ತದೆ ಹುಡುಗಿ,
ಕಾಲು ಬೆಚ್ಚಗಾಗಲು ನಡೆಯಲೇಬೇಕು."
ಐವತ್ತೊಂದರ ನನ್ನನ್ನು ಹುಡುಗಿ ಎನ್ನುವವನು
ಈ ಊರಲ್ಲಿ ಅವನೊಬ್ಬನೇ.

ನನಗೆ ಗೊತ್ತಿಲ್ಲದ್ದೇನಲ್ಲ.
ಆಸ್ಪತ್ರೆಯಲ್ಲಿ ರಕ್ತ ತೆಗೆಯುವುದು ನನ್ನ ಕೆಲಸ.
ಹೊರಗಿಂದ ಆಗಷ್ಟೇ ಬಂದವರ ತೋಳಿನಲ್ಲಿ ನರ ಸಿಗುವುದಿಲ್ಲ,
ಚಳಿಗೆ ಹೆದರಿ ಒಳಕ್ಕೆ ಸರಿದಿರುತ್ತದೆ.
ಬಿಸಿ ಬಟ್ಟೆ ಸುತ್ತಿ ಕಾಯುತ್ತೇನೆ.
ಸೂಜಿ ಹಿಡಿದು ಅವಸರಪಟ್ಟವರು
ನೀಲಿ ಕಲೆ ಬಿಟ್ಟು ಹೋಗುತ್ತಾರೆ.

ಆದರೂ ಜನವರಿಯ ಒಂದು ಮಂಗಳವಾರ ತಡವಾಗಿತ್ತು,
ನಾನೂ ಅವಸರಪಟ್ಟೆ.
ರೈಲು ಹಳಿ ದಾಟುವಲ್ಲಿ
ಹಿಮ ಮುಚ್ಚಿಟ್ಟ ಗುಂಡಿ.
ಟಣ್.
ಮುಂದಿನ ಎಡಗಡೆ ತಗ್ಗಿತು,
ಒಂದೇ ಮಂಡಿಯೂರಿ ಕೂತವರ ಹಾಗೆ.

ಟೋಯ್ವೊ ಕಾರನ್ನು ಮೇಲೆತ್ತಿ ಟಾರ್ಚು ಹಿಡಿದು
ಸ್ಪ್ರಿಂಗಿನ ತುದಿಯ ಗೇಣುದ್ದ ತುಂಡು ಹೊರಗೆಳೆದ.
ಚಳಿ ಬರೀ ನೆಪವಂತೆ. ರಸ್ತೆಗೆ ಸುರಿಯುವ ಉಪ್ಪು ಕಾರಣವಂತೆ.
ಉಪ್ಪು ತಿಂದಿತ್ತು, ಅಂದುಕೊಂಡೆ ಕನ್ನಡದಲ್ಲಿ;
ಯಾರು ಯಾರನ್ನು ತಿಂದರೆಂದು ನನ್ನ ಭಾಷೆ ಬಾಯಿ ಬಿಡಲಿಲ್ಲ.

ತುಂಡನ್ನು ಮೂಗಿಗೆ ಹಿಡಿದೆ.
ಚಿತ್ರದುರ್ಗದ ಹೈವೇ ಬದಿ, ದಸ್ತಗೀರ್ ಮಾಮೂನ ಕುಲುಮೆ:
ಲಾರಿಯ ಕಮಾನು ಪಟ್ಟಿ ಕಾಸಿ, ಬಡಿದು, ಬಗ್ಗಿಸಿ
ಎಣ್ಣೆಗೆ ಅದ್ದಿದರೆ ಏಳುತ್ತಿದ್ದ ಹೊಗೆ,
ತಿದಿಯೊತ್ತಿ ಒತ್ತಿ ಬೊಬ್ಬೆಯೆದ್ದ ನನ್ನ ಅಂಗೈ.
"ಸಲಾಮಿಗೆ ಬಗ್ಗಿದ ಹಾಗೆ ಬಗ್ಗಬೇಕು ಬೇಟಿ, ಪಟ್ಟಿ,
ಸಾಲಕ್ಕೆ ಬಗ್ಗಿದ ಹಾಗಲ್ಲ."
ಚಳಿಯ ಬಗ್ಗೆ ಅವನೇನೂ ಹೇಳಲಿಲ್ಲ.
ಅವನು ಕಂಡ ಚಳಿಗೆ ಒಂದು ಮಫ್ಲರ್ ಸಾಕಿತ್ತು.

ತುಂಡು ಈಗ ನನ್ನ ಕೋಟಿನ ಜೇಬಿನಲ್ಲಿದೆ.
ಮೊದಲ ಎರಡು ಮೈಲಿ ಮದುವೆ ಮೆರವಣಿಗೆಯ ವೇಗ;
ಹಿಂದಿನವರು ಹಾರ್ನ್ ಒತ್ತಿದರೆ ಒತ್ತಲಿ.
ಬೇಕರಿ ದಾಟಿದ ಮೇಲೆ ಎಲ್ಲೋ ತುಪ್ಪ ಕರಗುತ್ತದೆ,
ಚಕ್ರ ದುಂಡಗಾಗುತ್ತದೆ,
ಗುಂಡಿಗಳು ತಮ್ಮ ಮಾತು ತಾವೇ ಇಟ್ಟುಕೊಳ್ಳುತ್ತವೆ.

ಫೆಬ್ರವರಿಯಲ್ಲಿ ಟೋಯ್ವೊ ಬಂದ, ತೋಳು ಮಡಚಿ ಕೂತ.
ಒತ್ತಿ ನೋಡಿದೆ, ತಟ್ಟಿ ನೋಡಿದೆ, ನರವಿಲ್ಲ.
ಬಿಸಿ ಬಟ್ಟೆ ಸುತ್ತಿದೆ. ಗಡಿಯಾರ ನೋಡಿದ.
"ಎಷ್ಟು ಹೊತ್ತು?"
"ಎರಡು ಮೈಲಿ," ಎಂದೆ.

ಕಿಟಕಿಯಾಚೆ ನನ್ನ ಕಾರು
ಹೊಸ ಸ್ಪ್ರಿಂಗಿನ ಕಡೆ ತುಸು ಭುಜವೆತ್ತಿ ನಿಂತಿತ್ತು.