ಐದರಲ್ಲಿ ಎಷ್ಟು

ನಲವತ್ತನಾಲ್ಕು ವಾಕ್ಯ. ಎಲ್ಲವೂ ‘ನಾನು’ ಎಂದೇ ಶುರು.
ಎಲ್ಲಿಯದೋ ಊರಲ್ಲಿ ಹುಟ್ಟಿ, ಕನ್ನಡಕ್ಕೆ ಬಂದು,
ನನ್ನ ಚೀಲದಲ್ಲಿ ಕೂತು, ಬೆಳಿಗ್ಗೆ ಐದೂವರೆಗೆ
ದಕ್ಕೆಯ ಐಸು ನೀರಲ್ಲಿ ತುದಿ ನೆನೆಸಿಕೊಂಡಿವೆ.
ಪೂರ್ತಿ ಒಪ್ಪಿದರೆ ಐದು, ಒಪ್ಪದಿದ್ದರೆ ಒಂದು.
ದಿನಕ್ಕೆ ಹದಿನೈದು ಫಾರ್ಮು. ಒಂದಕ್ಕೆ ಅರುವತ್ತು ರೂಪಾಯಿ.

‘ನಾನು ಮಾತುಗಾರ್ತಿ.’
ವಾರಿಜಕ್ಕ ಬಂಗುಡೆ ಬುಟ್ಟಿಯಿಂದ ತಲೆ ಎತ್ತದೆ ಕೇಳಿದರು:
‘ಏರೆಡ?’
ಯಾರ ಹತ್ತಿರ.
ಅದಕ್ಕೆ ಫಾರ್ಮಿನಲ್ಲಿ ಜಾಗವಿಲ್ಲ.

ಗಿರಾಕಿಯ ಹತ್ತಿರವಾದರೆ ಐದಲ್ಲ, ಐವತ್ತು ಬರಕೊ.
ಏಲಂ ಕೂಗುವವನ ಹತ್ತಿರ ಬೆರಳೇ ಸಾಕು.
ಅತ್ತೆ ಇರುವ ತನಕ ನನಗೊಂದು ನಾಲಗೆ ಇದೆಯೆಂದೇ
ಗೊತ್ತಿರಲಿಲ್ಲ.
ಗಂಡನ ಹತ್ತಿರವೋ,
ಬೋಟು ಬಂದ ದಿನ ಒಂದು ಲೆಕ್ಕ, ಬಾರದ ದಿನ ಇನ್ನೊಂದು.

ಮೂರಕ್ಕೆ ಸುತ್ತು ಹಾಕಿದೆ.
ಸರಾಸರಿ ಎಂದರೆ
ಯಾರ ಹತ್ತಿರವೂ ಮಾತಾಡದ ಒಬ್ಬ ಹೆಂಗಸು.

ಬಂದರಿನ ಗೋಣಿ ಅಂಗಡಿಯ ಮೋನಾಕ
‘ನಾನು ಶಿಸ್ತಿನವನು’ ಎನ್ನಲು ಸುತರಾಂ ಒಪ್ಪಲಿಲ್ಲ.
ನನ್ನ ಬಗ್ಗೆ ನಾನೇ ಹೇಳುವುದೆಂಥದು ಮಾರಾಯ,
ಪಕ್ಕದ ಅಂಗಡಿಯಲ್ಲಿ ಕೇಳು.
ಪಕ್ಕದವನು ತಿರುಗಿ ಇವರ ಕಡೆಗೇ ಕೈ ತೋರಿಸಿದ.

ಕುಲಶೇಖರದ ಸೆವ್ರಿನ್ ಬಾಯಿಗೆ
ಕೊಂಕಣಿಯಲ್ಲಿ ತೇರ್ಸ್ ಮಾಡುವಾಗ ಆತಂಕ ಒಂದು,
ಕನ್ನಡದಲ್ಲಿ ಕರೆಂಟು ಬಿಲ್ಲು ಓದುವಾಗ ಐದು.

ಹಾಗಾದರೆ ಸ್ವಭಾವವೆಂಬುದು ಬರೀ ಸುಳ್ಳೋ
ಎಂದುಕೊಳ್ಳುತ್ತಿದ್ದೆ. ಅಷ್ಟರಲ್ಲಿ
ಜಾರ್ಖಂಡಿನಿಂದ ಬಂದು ಮೂರು ವಾರವಾದ ಬುಧುವಾ,
ಇಲ್ಲಿಯ ನಾಲ್ಕು ಭಾಷೆಯಲ್ಲಿ ಒಂದೂ ಬಾರದವ,
ಬಲೆ ಮಡಚುತ್ತ, ಆಚೀಚೆ ನೋಡಿ,
ಯಾರೂ ಕಾಣದ ಹಾಗೆ ಒಂದು ಮಾಂಜಿ ಬೆಕ್ಕಿಗೆಸೆದ.
‘ಅವ ಪಾಪ, ನಾಚಿಕೆಯವ,’ ಎಂದರು ವಾರಿಜಕ್ಕ,
‘ನಮ್ಮ ಸಣ್ಣವನ ಹಾಗೆಯೇ.’
ಯಾವ ಭಾಷೆಯಲ್ಲಿ ಓದಿದರೋ.
ಐದರಲ್ಲಿ ಎಷ್ಟು ಎಂದು ನಾನು ಕೇಳಲಿಲ್ಲ.

ಸಂಜೆ ಸ್ಟೇಟ್‌ಬ್ಯಾಂಕಿನಿಂದ ತೊಕ್ಕೊಟ್ಟಿಗೆ ಬಸ್ಸು.
ಒಂದು ಫಾರ್ಮು ಕಡಿಮೆ ಬಿದ್ದಿತ್ತು.
ತೊಡೆಯ ಮೇಲಿಟ್ಟು ನಾನೇ ತುಂಬಿದೆ,
ಇಲ್ಲದ ಒಬ್ಬನ ಹೆಸರಿಟ್ಟು, ವಯಸ್ಸು ಕೊಟ್ಟು,
ಮೂರು, ಮೂರು, ನಾಲ್ಕು, ಮೂರು.
ಉಳ್ಳಾಲ ಸೇತುವೆಯ ಮೇಲೆ
ಮೂವತ್ತೊಂದನೆಯ ವಾಕ್ಯ ಬಂತು:
‘ನಾನು ನಂಬಿಕಸ್ಥ.’
ಕಾಗದಕ್ಕೆ ಬಂಗುಡೆಯ ವಾಸನೆ.
ಪೆನ್ನು ಎತ್ತಿ ಹಿಡಿದೇ ಇದ್ದೆ,
ನೇತ್ರಾವತಿ ಮುಗಿಯುವ ತನಕ.